ಹತ್ತು ಹಾಡೂ ಕೇಳಿದ ಒಬ್ಬನೇ ಒಬ್ಬ

ಒಂದು ಆಲ್ಬಂ ಮಾಡಿ ನೋಡಿ, ಆಮೇಲೆ ನಿಮಗೆ ಅಭಿಪ್ರಾಯಗಳಿಗೆ ಬರವಿರುವುದಿಲ್ಲ. ಸಂತೆಯಲ್ಲಿ ಒಂದು ಸಿಗುತ್ತದೆ, ಸಲೂನಿನಲ್ಲಿ ಇನ್ನೊಂದು. ಸಾವಿನ ಮನೆಗೆ ಹೋದರೂ ಯಾರಾದರೂ ಮೆಲ್ಲಗೆ ಪಕ್ಕಕ್ಕೆ ಕರೆದು, "ಆ ಎರಡನೇ ಹಾಡು ಸ್ವಲ್ಪ ಗಲಾಟೆ ಆಯ್ತು" ಅನ್ನುತ್ತಾರೆ.

ನಾನು ಪಾಲಿಬೆಟ್ಟದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಬರೆಯುತ್ತೇನೆ, ಸಂಜೆ ಗಿಟಾರ್ ಹಿಡಿದು ಹಾಡುತ್ತೇನೆ. ಜೊತೆಗೆ ಇಬ್ಬರು ಗೆಳೆಯರು. ಬೇಸ್ ಗಿಟಾರ್ ನುಡಿಸುವವನದು ಮಡಿಕೇರಿಯಲ್ಲಿ ಹೋಮ್‌ಸ್ಟೇ, ಡ್ರಮ್ಮರ್‌ನದು ಕುಶಾಲನಗರದಲ್ಲಿ ಟಯರ್ ಅಂಗಡಿ. ಮೂವರೂ ನಲವತ್ತು ದಾಟಿದವರು, ಮೂವರಿಗೂ ಮನೆಯಲ್ಲಿ ಈ ವಿಷಯದಲ್ಲಿ ಮರ್ಯಾದೆ ಇಲ್ಲ. ಹೋದ ವರ್ಷ ಎಸ್ಟೇಟಿನ ಗೋದಾಮಿನಲ್ಲಿ ಸುತ್ತಲೂ ಗೋಣಿಚೀಲ ಕಟ್ಟಿಕೊಂಡು ಹತ್ತು ಹಾಡು ರೆಕಾರ್ಡ್ ಮಾಡಿದೆವು. ಕನ್ನಡದಲ್ಲಿ ಪವರ್ ಪಾಪ್. ಏನದು ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಇಷ್ಟು: ಗಿಟಾರ್ ಜೋರಾಗಿರಬೇಕು, ರಾಗ ಸಿಹಿಯಾಗಿರಬೇಕು, ಮೂರು ನಿಮಿಷಕ್ಕೆ ಮುಗಿಯಬೇಕು, ಮುಗಿದ ಮೇಲೂ ಪಲ್ಲವಿ ಬಾಯಿ ಬಿಟ್ಟು ಹೋಗಬಾರದು. ಹತ್ತು ಹಾಡೂ ಸೇರಿ ಅರ್ಧ ಗಂಟೆ.

ಆಲ್ಬಂ ಹೊರಬಂದು ಎರಡು ತಿಂಗಳಾಗಿತ್ತು. ಡ್ರಮ್ಮರ್ ಒಂದು ದಿನ ಲಾರಿ ಟಯರಿನ ಮೇಲೆ ಕೂತುಕೊಂಡು ಕೇಳಿದ.

"ರೈಟ್ರೇ, ಒಂದ್ರಿಂದ ಹತ್ತರ ತನಕ ಪೂರ್ತಿ ಕೇಳಿದೋರು ಈ ಜಿಲ್ಲೇಲಿ ಒಬ್ರಾದ್ರೂ ಅವ್ರಾ?"

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಕೇಳಿದವರೆಲ್ಲ ಒಂದೂವರೆ ಹಾಡಿಗೆ ಎದ್ದು ಹೋದವರೇ.

"ಕಾಫಿ ಹೂ ಅರಳ್ಸೋ ಹೂಮಳೆ ಬೀಳೋದ್ರೊಳಗೆ ಒಬ್ಬನ್ನ ತೋರ್ಸು. ವರಸೆ ತಪ್ಪದಂಗೆ, ಒಂದೂ ಬಿಡ್ದಂಗೆ ಕೇಳಿ, ಹೆಂಗೈತೆ ಅಂತ ಬಾಯ್ಬಿಟ್ಟು ಹೇಳ್ಬೇಕು. ಆದ್ರೆ ಎರಡನೇ ಆಲ್ಬಂ ಮಾಡಾನ. ಇಲ್ದಿದ್ರೆ ಡ್ರಮ್ ಸೆಟ್ ಮಾರ್ತೀನಿ. ಆ ಜಾಗದಲ್ಲಿ ಟಯರಾದ್ರೂ ಜೋಡುಸ್ಬೋದು."

ಈ ಜಿಲ್ಲೆಯಲ್ಲಿ ಇನ್ನೊಬ್ಬ ಡ್ರಮ್ಮರ್ ನನಗೆ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಒಬ್ಬನನ್ನು ಹಿಡಿದು ತಂದೇ ತರುತ್ತೇನೆ ಎಂದು ಅವನ ಟಯರಿನ ಮೇಲೆ ಕೈಯಿಟ್ಟು ಹೇಳಿದೆ. ಕೈ ಕಪ್ಪಾಯಿತು.

ಕೆಂಪು ಹಣ್ಣು, ಹಸಿರು ಕಾಯಿ

ಹತ್ತಿರದವರಿಂದಲೇ ಶುರು ಮಾಡಿದೆ. ಕಾಫಿ ಹಣ್ಣಿನ ಪಿಕಿಂಗ್ ನಡೆಯುತ್ತಿತ್ತು. ತೋಟದ ನಡುವೆ ಒಂದು ಸಿಲ್ವರ್ ಮರದ ಬುಡದಲ್ಲಿ ಸ್ಪೀಕರ್ ಇಟ್ಟು ಆಲ್ಬಂ ಹಾಕಿದೆ. ಇಪ್ಪತ್ತು ಹೆಂಗಸರು, ಸಾಲು ಬಿಟ್ಟು ಹೋಗುವ ಹಾಗಿಲ್ಲ. ಇದಕ್ಕಿಂತ ಒಳ್ಳೆಯ ಶ್ರೋತೃಗಳು ಎಲ್ಲಿ ಸಿಗುತ್ತಾರೆ?

ಮೊದಲ ಮೂರು ಹಾಡಿಗೆ ಯಾರೂ ಏನೂ ಅನ್ನಲಿಲ್ಲ, ಆದರೆ ಕೈಗಳು ಚುರುಕಾದವು. ನಾಲ್ಕನೆಯದಕ್ಕೆ ಒಬ್ಬ ಅಕ್ಕ ಪಲ್ಲವಿ ಗುನುಗಿದಳು. ನನಗೆ ಅಲ್ಲೇ ಕಣ್ಣು ತುಂಬಿ ಬಂತು. ಏಳನೇ ಹಾಡು ಅರ್ಧಕ್ಕೆ ಬಂದಾಗ ಆಳುಗಳ ತಮಿಳು ಮೇಸ್ತ್ರಿ ಓಡಿ ಬಂದು ಸ್ಪೀಕರಿನ ಸ್ವಿಚ್ ಒತ್ತಿಬಿಟ್ಟ.

"ಯಾಕೆ ಮೇಸ್ತ್ರಿ, ಚೆನ್ನಾಗಿಲ್ವಾ?"

"ಹಾಡು ನಲ್ಲಾ ಇದೆ ರೈಟರ್ ಸಾರ್. ಮೂರನೇದು ಡೈಲಿ ಹಾಕಿ, ಬೇಕಾದ್ರೆ ನಾಲ್ಕನೇದೂ ಹಾಕಿ. ಇದು ಮಾತ್ರ ಬೇಡ."

"ಇದು ಎಲ್ಲಕ್ಕಿಂತ ಸ್ಪೀಡ್ ಇರೋ ಹಾಡು ಮೇಸ್ತ್ರಿ!"

ಅವನು ಹತ್ತಿರದ ಚೀಲದಿಂದ ಒಂದು ಬೊಗಸೆ ಎತ್ತಿ ನನ್ನ ಮುಂದೆ ಹಿಡಿದ. ಕೀಳಬೇಕಾದ ಕೆಂಪು ಹಣ್ಣಿಗಿಂತ ಹಸಿರು ಕಾಯಿಯೇ ಹೆಚ್ಚಿತ್ತು, ನಡುನಡುವೆ ಎಲೆಯೂ ಇತ್ತು.

"ನೋಡಿ ಸಾರ್. ಇನ್ನೊಂದು ಸಲ ಪಲ್ಲವಿ ಬಂದಿದ್ರೆ ಗಿಡಾನೇ ಕಿತ್ತು ಹಾಕ್ತಿದ್ರು."

ಮಾವನ ಮೊಣಕಾಲು

ಆಮೇಲೆ ನೆನಪಾದದ್ದು ಭಾಗಮಂಡಲದ ಕಡೆ ಇರುವ ನನ್ನ ಸೋದರಮಾವ. ಸಂಗೀತ ಅಂದರೆ ಪ್ರಾಣ. ಮದುವೆ ಮನೆಯಲ್ಲಿ ವಾಲಗ ಶುರುವಾದರೆ ಊಟಕ್ಕೆ ಕರೆದರೂ ಕುಣಿಯುವುದನ್ನು ಬಿಟ್ಟು ಬರುವವರಲ್ಲ. ಮೊಣಕಾಲು ನೋವೆಂದು ಆರು ತಿಂಗಳಿಂದ ಮನೆಯಲ್ಲೇ ಇದ್ದಾರೆ ಎಂದು ತಿಳಿದು ಇನ್ನೂ ಸಂತೋಷವಾಯಿತು. ಎದ್ದು ಹೋಗುವ ಭಯವಿಲ್ಲ.

ಮೊದಲ ಹಾಡು ಶುರುವಾಗುತ್ತಲೇ ಮಾವನ ಮುಖ ಅರಳಿತು. ಪಂಚೆ ಎತ್ತಿ ಕಟ್ಟಿದರು, ಕುರ್ಚಿಯ ಕೈ ಹಿಡಿದು ಮೆಲ್ಲಗೆ ಎದ್ದರು, ಎರಡೂ ಕೈ ಮೇಲೆತ್ತಿದರು. ಹಾಡು ಮುಗಿಯಿತು.

"ಎಂತದ್ ಇದ್? ಮುಗ್ದ್ ಹೋತ್!" ಎಂದು ತಮ್ಮ ಅರೆಭಾಷೆಯಲ್ಲಿ ಗೊಣಗಿ ಕೂತರು. ಎರಡನೆಯದು ಶುರುವಾಯಿತು. ಮತ್ತೆ ಎದ್ದರು, ಕೈ ಎತ್ತಿದರು, ಹೆಜ್ಜೆ ಹುಡುಕುವಷ್ಟರಲ್ಲಿ ಅದೂ ಮುಗಿಯಿತು. ವಾಲಗ ಕುಣಿಯುವವನಿಗೆ ಸುಸ್ತಾಗುವ ತನಕ ನಡೆಯುತ್ತದೆ. ನಮ್ಮ ಹಾಡು ಗಡಿಯಾರ ನೋಡಿಕೊಂಡು ನಿಲ್ಲುತ್ತದೆ. ಮೂರನೆಯದಕ್ಕೂ ಹೀಗೇ, ನಾಲ್ಕನೆಯದಕ್ಕೂ ಹೀಗೇ. ಐದನೆಯದಕ್ಕೆ ಮಾವ ಏಳಲಿಲ್ಲ, ಕೈ ಅಡ್ಡ ಹಿಡಿದು ನಿಲ್ಲಿಸು ಎಂದರು.

"ಇನ್ನೂ ಆರು ಹಾಡು ಉಂಟು ಮಾವ" ಎಂದು ಅಂಗಲಾಚಿದೆ.

"ಪದ ಲಾಯ್ಕ್ ಉಟ್ಟು. ಆದ್ರೆ ಇವತ್ತ್‌ಗೆ ಸಾಕ್" ಎಂದು ಹಾಡು ಮೆಚ್ಚುತ್ತಲೇ ಮಾವ ಏದುಸಿರು ಬಿಟ್ಟರು. ಅತ್ತೆ ಅಡುಗೆ ಮನೆಯಿಂದ ಓಡಿ ಬಂದು ನನ್ನ ಕೈ ಹಿಡಿದುಕೊಂಡರು. "ನೀ ದೇವ್ರ್ ಬಂದಂಗೆ ಬಂದೆ ಮಾರಾಯ! ಕುರ್ಚಿಂದ ಎದ್ದ್ ಕೂತ್ ಮಾಡಿ ಅಂತ ಡಾಕ್ಟ್ರ್ ಹೇಳಿ ಆರು ತಿಂಗ ಆತ್."

ಈಗಲೂ ಮಾವನ ಮನೆಯಲ್ಲಿ ದಿನಾ ಬೆಳಿಗ್ಗೆ ನಮ್ಮ ಆಲ್ಬಂ ನಡೆಯುತ್ತದೆ. ಸರಿಯಾಗಿ ನಾಲ್ಕು ಹಾಡು, ತಿಂಡಿಯ ಮೊದಲು.

ಓಡಿಹೋಗಲಾಗದ ಜಾಗ

ಇಷ್ಟರಲ್ಲಿ ನನಗೆ ಒಂದು ವಿಷಯ ಅರ್ಥವಾಗಿತ್ತು. ಜನ ಕೂತ ಜಾಗದಿಂದ ಅರ್ಧ ಗಂಟೆ ಏಳಬಾರದು, ಹಾಗೆಯೇ ಸ್ವಿಚ್ ಅವರ ಕೈಗೆ ಸಿಗಬಾರದು. ಅಂಥ ಜಾಗ ಕುಶಾಲನಗರದಿಂದ ಮಡಿಕೇರಿಗೆ ಹತ್ತುವ ಬಸ್ಸು. ಒಂದು ಪ್ರೈವೇಟ್ ಬಸ್ಸಿನ ಡ್ರೈವರ್ ನನಗೆ ಪರಿಚಯ. ಪೆನ್‌ಡ್ರೈವ್ ಕೊಟ್ಟು, "ಅಣ್ಣಾ, ಒಂದೇ ಒಂದು ಟ್ರಿಪ್ಪಿಗೆ ಹಾಕಿ" ಎಂದು ಬೇಡಿಕೊಂಡೆ. "ಅದಕ್ಕೇನು, ಹಾಕುವ" ಎಂದರು.

ನಾನು ಬೈಕಿನಲ್ಲಿ ಮೊದಲೇ ಹೋಗಿ ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಕಾದು ನಿಂತೆ. ಬಸ್ಸು ಬಂತು. ಇಳಿದವರಲ್ಲಿ ಕನ್ನಡಕ ಹಾಕಿದ ಒಬ್ಬ ಮೇಡಂ ಕಂಡರು, ನೋಡಿದರೆ ಟೀಚರ್ ಥರ ಇದ್ದರು. ತಡೆದು ಕೇಳಿದೆ.

"ಮೇಡಂ, ಬಸ್ಸಲ್ಲಿ ಹಾಡು ಕೇಳಿದ್ರಾ?"

"ಕೇಳದೆ ಏನ್ ಮಾಡೋದು? ಕಿವಿ ಮೇಲೇ ಸ್ಪೀಕರ್ ಇತ್ತು."

"ಪೂರ್ತಿ? ಹತ್ತೂ?"

"ಹತ್ತಕ್ಕಿಂತ ಜಾಸ್ತಿನೇ ಇರ್ಬೇಕು."

ಡ್ರಮ್ಮರ್‌ಗೆ ಫೋನ್ ಹಚ್ಚಲು ಒಂದು ಕೈಯಲ್ಲಿ ಮೊಬೈಲ್ ತೆಗೆದುಕೊಂಡೇ ಕೇಳಿದೆ: "ಹೇಗಿತ್ತು ಮೇಡಂ? ಇದ್ದದ್ದು ಇದ್ದ ಹಾಗೇ ಹೇಳಿ."

"ಮೊದಲನೇದು ಚೆನ್ನಾಗಿತ್ತಪ್ಪ. ಆಮೇಲಿನವೆಲ್ಲ ಅದರ ಥರವೇ ಇವೆ. ರಾಗ ಒಂದೇ, ಮಾತೂ ಹೆಚ್ಚುಕಮ್ಮಿ ಅವೇ. ಮಾಡಿದವರಿಗೆ ಸ್ವಲ್ಪ ಬೇರೆ ಬೇರೆ ಮಾಡೋಕೆ ಏನು ಕಷ್ಟ?"

ಅವಮಾನದಿಂದ ಕುಗ್ಗಿ ಡ್ರೈವರ್ ಹತ್ತಿರ ಹೋದೆ. ಅವರು ಸ್ಟಿಯರಿಂಗ್ ಮೇಲೆ ತಾಳ ಹಾಕುತ್ತಾ ನಗುತ್ತಿದ್ದರು. "ಏನ್ ಸಾಂಗ್ ಮಾಡಿದ್ದೀಯಪ್ಪಾ! ಮೊದಲನೇದು ಕೇಳಿದ ಮೇಲೆ ಮುಂದಕ್ಕೆ ಹೋಗ್ಲಿಕ್ಕೆ ಮನಸ್ಸೇ ಬರ್ಲಿಲ್ಲ. ಕುಶಾಲನಗರದಿಂದ ಇಲ್ಲಿವರೆಗೂ ಅದನ್ನೇ ಹಾಕಿದ್ದೇನೆ."

ಸಂಯಮದ ಡ್ರಮ್ಮರ್

ಮಡಿಕೇರಿಯ ಗೆಳೆಯನ ಹೋಮ್‌ಸ್ಟೇಗೆ ಬೆಂಗಳೂರಿನಿಂದ ಒಬ್ಬರು ಬಂದಿಳಿದರು. ಸಂಗೀತದ ಬಗ್ಗೆ ಬರೆಯುವವರಂತೆ. ಗೆಳೆಯ ಫೋನ್ ಮಾಡಿ, "ಈಗಲೇ ಬಾ, ನಮ್ಮ ಪುಣ್ಯ ತಾನಾಗಿ ರೂಮ್ ಬುಕ್ ಮಾಡಿಕೊಂಡು ಬಂದಿದೆ" ಎಂದ. ನಾನು ಹೋದಾಗ ಅವರು ಕಡುಬು ಮುಗಿಸಿ, ಇಯರ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ನಮ್ಮ ಆಲ್ಬಂ ಕೇಳುತ್ತಾ ಕೂತಿದ್ದರು. ನಾವಿಬ್ಬರೂ ಬಾಗಿಲ ಹತ್ತಿರ ಉಸಿರು ಬಿಗಿ ಹಿಡಿದು ನಿಂತೆವು. ಇದ್ದಕ್ಕಿದ್ದಂತೆ ಅವರು ಇಯರ್‌ಫೋನ್ ತೆಗೆದರು.

"ಆರನೇ ಹಾಡು!" ಎಂದರು. "ಅದ್ಭುತ. ಮೊದಲ ಐದರಲ್ಲಿ ನಿಮ್ಮ ಡ್ರಮ್ಮರ್ ಸಿಕ್ಕಾಪಟ್ಟೆ ಬಡೀತಾರೆ. ಆರನೇದರಲ್ಲಿ ನೋಡಿ, ಎಂಥ ಸಂಯಮ! ಅನವಶ್ಯಕವಾಗಿ ಒಂದು ಏಟಿಲ್ಲ. ನಾಲ್ಕು ಎಣಿಕೆಗೊಂದು ಸಲ ಆ 'ಟಪ್' ಅಂತ ಬರುತ್ತಲ್ಲ, ಅಂಥ ಕೈ ವರ್ಷಗಟ್ಟಲೆ ಸಾಧನೆ ಮಾಡಿದವರಿಗೆ ಮಾತ್ರ ಬರೋದು."

ನಾನೂ ಗೆಳೆಯನೂ ಮುಖ ಮುಖ ನೋಡಿಕೊಂಡೆವು. ಆರನೇ ಹಾಡಿನ ದಿನ ಡ್ರಮ್ಮರ್ ಬಂದೇ ಇರಲಿಲ್ಲ. ಅವನ ಅಂಗಡಿ ಮುಂದೆ ಶುಂಠಿ ಲಾರಿಯೊಂದು ಎರಡು ಟಯರ್ ಪಂಕ್ಚರ್ ಮಾಡಿಕೊಂಡು ನಿಂತಿತ್ತು. ಅವನ ಡ್ರಮ್ ಆಮೇಲೆ ಸೇರಿಸೋಣ ಎಂದು ನಾವಿಬ್ಬರೇ ನುಡಿಸಿ ಮುಗಿಸಿದ್ದೆವು. ಗೋದಾಮಿನ ಗೋಡೆಯ ಆಚೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹಳೆಯ ಪಲ್ಪರ್ ಓಡುತ್ತಿತ್ತು. ಅದರ ಬೆಲ್ಟು ಒಂದು ಕಡೆ ಕಿತ್ತುಹೋಗಿ ಹೊಲಿದದ್ದು. ಆ ಹೊಲಿಗೆ ಚಕ್ರದ ಮೇಲೆ ಬಂದಾಗಲೆಲ್ಲ 'ಟಪ್' ಅನ್ನುತ್ತದೆ. ಕೇಳಿ ನೋಡಿದರೆ ಹಾಡಿಗೆ ಸರಿಯಾಗಿ ಕೂತಿತ್ತು. ಹಾಗೇ ಬಿಟ್ಟೆವು. ಡ್ರಮ್ಮರ್‌ಗೆ ಹೇಳೋಣ ಹೇಳೋಣ ಎಂದುಕೊಂಡು ಹೇಳಿರಲೇ ಇಲ್ಲ. ಆ ಹಾಡನ್ನು ಅವನು ಪ್ರಾಕ್ಟೀಸಿನಲ್ಲಿ ಎಷ್ಟೋ ಸಲ ಬಾರಿಸಿದ್ದರಿಂದ ರೆಕಾರ್ಡಿಂಗಿನಲ್ಲೂ ಬಾರಿಸಿದ್ದೇನೆ ಎಂದೇ ನಂಬಿದ್ದ.

"ಉಳಿದ ನಾಲ್ಕನ್ನೂ ಕೇಳಿಬಿಡಿ ಸಾರ್" ಎಂದೆ.

"ಬೇಡ. ಈ ಗುಂಗು ಕೆಡಬಾರದು" ಎಂದು ಅವರು ಎದ್ದು ನಿಂತರು. "ಆ ಡ್ರಮ್ಮರನ್ನ ಒಮ್ಮೆ ನೋಡಬೇಕಲ್ಲ. ಈಗ ಎಲ್ಲಿರ್ತಾರೆ?"

ಗೆಳೆಯ ತಲೆ ತಗ್ಗಿಸಿ ಹೇಳಿದ: "ಈಗ ಸೀಸನ್ ಸಾರ್. ಸಿಪ್ಪೆ ಬಿಡಿಸ್ತಿರ್ತಾರೆ."

ಹೊರಗೆ ಆನೆ

ಹೂಮಳೆ ಬಿತ್ತು. ತೋಟವೆಲ್ಲ ಬೆಳ್ಳಗೆ ಅರಳಿ ಘಮ್ಮೆಂದಾಗ ಇಡೀ ಜಿಲ್ಲೆಯಲ್ಲಿ ನನ್ನೊಬ್ಬನಿಗೇ ದುಃಖ. ಡ್ರಮ್ಮರ್ ಮಾತಿಗೆ ತಪ್ಪಲಿಲ್ಲ. ವಿರಾಜಪೇಟೆಯ ಒಂದು ಆರ್ಕೆಸ್ಟ್ರಾದವರಿಗೆ ಡ್ರಮ್ ಸೆಟ್ ಮಾರುವುದಾಗಿ ಮಾತು ಕೊಟ್ಟ. "ಎಸ್ಟೇಟ್ ಪಿಕಪ್ ಗಾಡಿ ತಗೊಂಬಾ" ಎಂದು ನನಗೇ ಫೋನ್ ಮಾಡಿದ. ಎಂಥ ಕಟುಕ ನೋಡಿ.

ಬೆಳಿಗ್ಗೆ ಡ್ರಮ್ಮುಗಳನ್ನು ಗೋಣಿಯಲ್ಲಿ ಸುತ್ತಿ ಹಿಂದೆ ಏರಿಸಿ ಹೊರಟೆವು. ನೆಲ್ಲಿಹುದಿಕೇರಿ ದಾಟಿದ ಮೇಲೆ ಅರಣ್ಯ ಇಲಾಖೆಯವರು ಕೈ ಅಡ್ಡ ಹಿಡಿದರು. "ಆನೆ ಹಿಂಡು ತೋಟದಿಂದ ಹೊಳೆ ಕಡೆಗೆ ದಾಟ್ತಾ ಉಂಟು. ಇಂಜಿನ್ ಆಫ್ ಮಾಡಿ, ಯಾರೂ ಇಳೀಬೇಡಿ."

ಇಂಜಿನ್ ಆರಿಸಿ ಕೂತೆವು. ಆಗ ನನಗೊಂದು ವಿಷಯ ಹೊಳೆಯಿತು.

"ಅಲ್ಲ ಮಾರಾಯ, ನೀನು ಪೂರ್ತಿ ಕೇಳಿದ್ದೀಯಾ?"

"ಬಾರ್ಸಿದ್ದೇ ನಾನು. ಕೇಳೋದೇನೈತೆ? ಮದ್ವೆ ಅಡುಗೆ ಮಾಡಿದ ಭಟ್ಟ ಎಲೆ ಹಾಕ್ಕೊಂಡು ಕೂತ್ಕೊತಾನಾ?"

ನಾನು ಪೆನ್‌ಡ್ರೈವ್ ಚುಚ್ಚಿದೆ. ಸೌಂಡ್ ಸಣ್ಣಗೆ ಇಟ್ಟೆ.

"ಬ್ಯಾಡ ರೈಟ್ರೇ. ಹೊಟ್ಟೆ ಉರೀತದೆ."

"ಬೇಡ ಅಂದ್ರೆ ಇಳಿದು ನಡಕೊಂಡು ಹೋಗು" ಎಂದೆ. ಹೊರಗೆ ಹನ್ನೊಂದು ಆನೆ ಇದ್ದವು.

ಮೊದಲನೆಯದಕ್ಕೆ ಅವನು ಕೈ ಕಟ್ಟಿಕೊಂಡು ಆನೆ ನೋಡಿದ. ಎರಡನೆಯದಕ್ಕೆ, "ಇಷ್ಟೊಂದು ಬಡ್ದಿದ್ದೀನಾ ನಾನು?" ಎಂದ. ಮೂರನೆಯದಕ್ಕೆ ಕೈ ಬಿಚ್ಚಿತು, ನಾಲ್ಕನೆಯದಕ್ಕೆ ಬೆರಳು ಡ್ಯಾಶ್‌ಬೋರ್ಡ್ ಮೇಲೆ ಆಡಿತು. ನಾನು ಒಳಗೊಳಗೇ ಕುಣಿದೆ. ಐದನೆಯದು ಮುಗಿಯುವ ಹೊತ್ತಿಗೆ ಮುಂದಿನದು ಯಾವುದೆಂದು ನೆನಪಾಯಿತು. ಮೆಲ್ಲಗೆ ಬಟನ್ ಕಡೆ ಬೆರಳು ಚಾಚಿದೆ. ಅವನು ನನ್ನ ಮಣಿಕಟ್ಟು ಹಿಡಿದ.

"ಒಂದೂ ಬಿಡಂಗಿಲ್ಲ. ಮಾತು ಅಂದ್ರೆ ಮಾತು."

ಆರನೇ ಹಾಡು ಶುರುವಾಯಿತು. ಟಪ್. ಅವನು ಹುಬ್ಬು ಗಂಟಿಕ್ಕಿದ. ಟಪ್. ಕಿವಿಯನ್ನು ಸ್ಪೀಕರಿಗೆ ಹತ್ತಿರ ತಂದ. ನಮ್ಮ ಇಪ್ಪತ್ತು ವರ್ಷದ ಸ್ನೇಹ ಇಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಕಣ್ಣು ಮುಚ್ಚಿದೆ. ಹಾಡು ನಿಂತಿತು.

"ಇದು ಯಾವಾಗ ಮಾಡಿದ್ದು ರೈಟ್ರೇ?"

"ಹೋದ ವರ್ಷ. ಪಿಕಿಂಗ್ ಟೈಮಲ್ಲಿ." ಅದಂತೂ ಸುಳ್ಳಲ್ಲ.

ಅವನು ನಾಲ್ಕು ಎಣಿಸಿ ತೊಡೆಯ ಮೇಲೆ ಒಂದು ಸಲ ತಟ್ಟಿದ. ತಿರುಗಿ ನೋಡಿದರೆ ಕಣ್ಣಂಚು ಒದ್ದೆಯಾಗಿತ್ತು.

"ಆ ನಾಲ್ಕನೇ ಏಟು ಕೇಳುಸ್ಕೊಂಡ್ಯಾ? ಎಷ್ಟು ತಡ್ಕೊಂಡು ಹೊಡ್ದಿದ್ದೀನಿ! ಇಂಥ ಕೈ ಇಟ್ಕೊಂಡು ಡ್ರಮ್ ಮಾರೋಕ್ ಹೊಂಟಿದ್ದೀನಲ್ಲ, ನಂಗೇನಾದ್ರೂ ಬುದ್ಧಿ ಐತಾ?"

ಉಳಿದ ನಾಲ್ಕನ್ನೂ ನಾವು ಕೇಳಿದೆವು. ಆನೆಗಳು ಯಾವಾಗಲೋ ಹೋಗಿದ್ದವು, ಹಿಂದಿನ ಜೀಪುಗಳು ಹಾರ್ನ್ ಹೊಡೆಯುತ್ತಿದ್ದವು, ನಾವು ಕದಲಲಿಲ್ಲ. ಹತ್ತನೆಯದು ಮುಗಿದ ಮೇಲೆ ಅವನು ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟ: "ನಿನ್ನ ಹಾಡುಗಾರಿಕೆ ಸುಮಾರು. ಗಿಟಾರ್ ಪರವಾಗಿಲ್ಲ. ಡ್ರಮ್ಮರ್ ಮಾತ್ರ ಮನುಷ್ಯ ಅಲ್ಲ ಕಣಯ್ಯಾ. ಗಾಡಿ ತಿರುಗ್ಸು." ಇಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಎರಡನೇ ಆಲ್ಬಮ್ಮಿನ ಕೆಲಸ ಶುರುವಾಗಿದೆ. ಡ್ರಮ್ಮರ್ ದಿನಾ ಸಂಜೆ ಅಂಗಡಿ ಮುಚ್ಚಿ, ಆರನೇ ಹಾಡು ಹಾಕಿಕೊಂಡು ಬೆವರಿಳಿಸುತ್ತಾನೆ. "ಅವತ್ತು ಕೂತ ಕೈ ಇವತ್ತು ಕೂರ್ತಾ ಇಲ್ಲ ರೈಟ್ರೇ" ಎಂದು ಕೊರಗುತ್ತಾನೆ. "ಪಿಕಿಂಗ್ ಶುರುವಾಗಲಿ, ತಾನಾಗಿ ಕೂರುತ್ತೆ" ಎಂದು ಧೈರ್ಯ ಹೇಳುತ್ತೇನೆ. ನಮ್ಮ ಓನರ್ ಈ ಸಲ ಪಲ್ಪರಿನ ಆ ಹೊಲಿದ ಬೆಲ್ಟ್ ಬದಲಿಸಲೆಂದು ಹೊಸದೊಂದು ತರಿಸಿದ್ದರು. ಅದು ಎಲ್ಲಿ ಹೋಯಿತೆಂದು ಎಸ್ಟೇಟಿನವರೆಲ್ಲ ಸೇರಿ ವಾರದಿಂದ ಹುಡುಕುತ್ತಿದ್ದಾರೆ. ನಾನೂ ಅವರ ಜೊತೆ ಹುಡುಕುತ್ತೇನೆ, ನನ್ನ ಮಂಚದ ಕೆಳಗೊಂದು ಬಿಟ್ಟು.