ಹಳೇ ದೋಣಿಯೂ ಹಾರುಮೀನೂ

ವಿಧವೆಗೆ ಊರೆಲ್ಲ ಮರ್ಯಾದೆ ಕೊಡುತ್ತದೆ. ಗೆಣಸು ಕೊಡುತ್ತದೆ, ಮೀನು ಕೊಡುತ್ತದೆ, ಚರ್ಚಿನಲ್ಲಿ ಮುಂದಿನ ಬೆಂಚು ಕೊಡುತ್ತದೆ. ಜಗಳ ಮಾತ್ರ ಯಾರೂ ಕೊಡುವುದಿಲ್ಲ. ನನ್ನ ಗಂಡ ಸಮಿಸೋನಿ ಇದ್ದಷ್ಟು ದಿನ ಬೆಳಗಿನ ಚಹಾದಿಂದ ರಾತ್ರಿಯ ಪ್ರಾರ್ಥನೆಯವರೆಗೆ ಜಗಳವಾಡಿದೆವು (ಪ್ರಾರ್ಥನೆಯ ನಡುವೆಯೂ, ಕಣ್ಣು ಮುಚ್ಚಿಕೊಂಡೇ). ಅವರು ಹೋದ ಮೇಲೆ ನಾನು ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ ಎಂದರೂ ಮನೆಯವರು "ಹೌದಜ್ಜಿ" ಎನ್ನುತ್ತಾರೆ. ವೈಧವ್ಯವೆಂದರೆ ಇದೇ.

ನನ್ನ ಸಂಕಟ ನೋಡಲಾರದೆ ಮೊಮ್ಮಗಳು ಲೂಪೆ ಫೋನಿನಲ್ಲಿ ಒಂದು ಗುಂಪಿಗೆ ಸೇರಿಸಿದಳು. ನಮ್ಮ ವವಾವು ದ್ವೀಪದವರು, ಇಲ್ಲಿಂದ ಆಕ್ಲೆಂಡಿಗೆ, ಸಿಡ್ನಿಗೆ ಹೋದವರು, ಮುದುಕರು, ಅರೆಮುದುಕರು ಎಲ್ಲ ಅಲ್ಲಿದ್ದರು.

"ನಿಜವಾದ ಹೆಸರು ಹಾಕ್ಬೇಡ ಅಜ್ಜಿ."

"ಯಾಕೆ? ನಾನೇನು ಕೋಳಿ ಕದ್ದಿದೀನಾ?"

"ಹೆಸರು ಗೊತ್ತಾದ್ರೆ ಅರ್ಧ ಗುಂಪು ಇನ್ನರ್ಧಕ್ಕೆ ಅಕ್ಕನೋ ತಮ್ಮನೋ ಆಗಿಬಿಡುತ್ತೆ. ಆಮೇಲೆ ಯಾರು ನಗೋದು?"

ಮಾತು ಸರಿ. ನಮ್ಮಲ್ಲಿ ಅಕ್ಕ-ತಮ್ಮ ಒಂದೇ ಕೋಣೆಯಲ್ಲಿ ಕೂತು ಸಿನಿಮಾ ಕೂಡ ನೋಡುವುದಿಲ್ಲ. ಚೇಷ್ಟೆಯ ಮಾತಂತೂ ಮಹಾಪಾಪ. ಪಕ್ಕದ ಮನೆಯ ನನ್ನ ಸ್ವಂತ ತಮ್ಮ ಇಸಿಲೇಲಿ, ನಮ್ಮ ಚರ್ಚಿನ ಉಪದೇಶಕ, ಉಪ್ಪು ಬೇಕೇ ಎಂದು ಕೇಳುವುದೂ ಹೆಂಡತಿ ವಿಕಾಳ ಮೂಲಕ. ನಾನು ಅಂಗಳಕ್ಕೆ ಬಂದರೆ ದನಿ ಇಳಿಸುತ್ತಾನೆ, ಬಟ್ಟೆ ಸರಿಮಾಡಿಕೊಳ್ಳುತ್ತಾನೆ. ಅಂಥ ಮನೆತನದ ನಾನು 'ಹಾರುಮೀನು' ಎಂಬ ನಾಮಧೇಯದಿಂದ ಗುಂಪಿನಲ್ಲಿ ಅವತರಿಸಿದೆ.

ಅಲ್ಲಿ ಅವರದೇ ಒಂದು ಭಾಷೆ. ಎಲ್ಲ ಓದಿ ಏನೂ ಹೇಳದೆ ಪಕ್ಕಕ್ಕೆ ಸರಿದವನು 'ಏಡಿಸಿದ'. ಪೂರ್ತಿ ಬೇಯದ ಸುದ್ದಿ ತಂದರೆ 'ಹಸಿಗೆಣಸು'. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದರೆ 'ಎಳನೀರಾದೆ'. ನನ್ನ ಓದು ಬೈಬಲಿಗೆ ಸಾಲುವಷ್ಟೇ. ಆದರೆ ಈ ಭಾಷೆಯಲ್ಲಿ ಬಲುಬೇಗ ಮಹಾಪಂಡಿತೆಯಾದೆ. ಕಾರಣ, 'ಹಳೇ ದೋಣಿ' ಎಂಬ ಆಸಾಮಿ. ಅವನು ಏನು ಬರೆದರೂ ನನಗೆ ಮೈ ಉರಿಯುತ್ತಿತ್ತು. ಎಷ್ಟು ಸುಖ ಎನ್ನುತ್ತೀರಿ!

"ತೂತು ಬಿದ್ದ ದೋಣಿಗೆ ಇಷ್ಟು ಮಾತಿನ ಭಾರ ಯಾಕೋ?" ಎಂದು ಬರೆದೆ ಒಮ್ಮೆ.

"ತೂತಿರೋದ್ರಿಂದ್ಲೇ ಮೀನುಗಳು ತಾವಾಗೇ ಒಳಗೆ ಬರ್ತವೆ ಕಣೇ."

ಕಣೇ! ಸಮಿಸೋನಿ ಹೋದ ಮೇಲೆ ನನ್ನನ್ನು ಯಾರೂ ಕಣೇ ಎಂದಿರಲಿಲ್ಲ. ಆ ದಿನ ಒಲೆಯ ಮೇಲಿನ ಗೆಣಸು ಸೀದುಹೋಯಿತು. ಮನೆಯವರು "ರುಚಿಯಾಗಿದೆ ಅಜ್ಜಿ" ಎಂದು ತಿಂದರು.

ಒಂದು ಶನಿವಾರ ಅಡುಗೆಗುಡಿಸಲಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದೆ. ಹಳೇ ದೋಣಿ ಬರೆದ: "ಬಂಧುಗಳೇ, ಬಿಚ್ಚಿಟ್ಟ ಲುಂಗಿ ಹಂದಿಯ ಬಾಯಲ್ಲಿದೆ. ಸ್ನಾನದ ಗುಡಿಸಲಲ್ಲಿ ಸೆರೆಯಾಗಿದ್ದೇನೆ."

ನಾನು ಬಿಡುತ್ತೇನೆಯೇ? ಕೈ ಒರೆಸಿಕೊಂಡು ಬರೆದೆ: "ಹಂದಿ ಬುದ್ಧಿವಂತ. ಹಾಯಿ ಮಾತ್ರ ಒಯ್ದಿದೆ. ಮುರಿದ ಹುಟ್ಟು ಯಾರಿಗೆ ಬೇಕು?"

ಆ ಕ್ಷಣಕ್ಕೆ ಬೇಲಿಯಾಚೆ, ನನ್ನ ತಮ್ಮನ ಸ್ನಾನದ ಗುಡಿಸಲಿನೊಳಗೆ, ತಗಡು ಅದುರುವಂಥ ನಗು ಎದ್ದಿತು.

"ರೀ, ಒಳಗೆ ಯಾರ ಜೊತೆ ನಗ್ತಿದೀರಿ?" ವಿಕಾಳ ದನಿ.

"ಆ ಹಾರುಮೀನು ಕಣೇ! ಎಳನೀರಾಗಿಬಿಟ್ಟೆ! ಮೊದ್ಲು ಆ ಹಂದಿ ಹಿಡಿಯೇ!"

ಹಂದಿ ಬೇಲಿಯ ಸಂದಿಯಿಂದ ನುಸುಳಿ, ಲುಂಗಿಯ ಸಮೇತ, ನನ್ನ ಮುಂದೆ ಬಂದು ನಿಂತಿತು. ನಾನು ಅದರ ಮುಖ ನೋಡಿದೆ. ಅದು ನನ್ನ ಮುಖ ನೋಡಿತು. ಜಗತ್ತಿನಲ್ಲಿ ಈ ವಿಷಯ ಗೊತ್ತಿದ್ದದ್ದು ನಮ್ಮಿಬ್ಬರಿಗೆ.

ಇಸಿಲೇಲಿಗೆ ತಿಳಿದರೆ? ಆ ಹಂದಿಯನ್ನೇ ಸುಟ್ಟು, ನಮ್ಮ ಪದ್ಧತಿಯಂತೆ ಕ್ಷಮೆಗೆಂದು ನನಗೆ ಕಳಿಸಿ, ಸಾಯುವವರೆಗೆ ಬೇಲಿಯತ್ತ ತಲೆಯೆತ್ತುತ್ತಿರಲಿಲ್ಲ. ಯಾರಿಗೂ ಹೇಳದೆ ಗುಂಪಿನಿಂದ ಹೊರಬಿದ್ದೆ. ಲೂಪೆ ಕೇಳಿದಾಗ ಕಣ್ಣುನೋವು ಎಂದೆ. ಆ ಸಂಜೆ ನಾನು ಎರಡನೆಯ ಸಲ ವಿಧವೆಯಾದೆ. (ತಮ್ಮನ ವಿಷಯದಲ್ಲಿ ಹೀಗೆ ಬರೆಯಬಾರದು. ಆದರೆ ಬೇರೆ ಮಾತು ನನಗೆ ಬರದು.)

ಕೆಲವು ವಾರ ಕಳೆದವು. ಪಾತ್ರೆ ತಿಕ್ಕುವ ಹೊತ್ತಿಗೆ ತನ್ನಕ್ಕ ಮಾಯವಾದದ್ದು ಕಂಡು ಲೂಪೆ ಗೊಣಗಿದಳು: "ನೋಡಜ್ಜಿ, ಅಕ್ಕ ಮತ್ತೆ ಹಾರುಮೀನಿಸಿದ್ಲು!"

ತುರಿಮಣೆ ಕೈಜಾರಿತು. "ಏನಂದೆ?"

"ಎಲ್ಲ ಚೆನ್ನಾಗಿ ನಡೀತಿರೋವಾಗ ಹೇಳದೆ ಕೇಳದೆ ಓಡಿಹೋಗೋದು. ಹಳೇ ದೋಣಿ ಕಟ್ಟಿದ ಪದ. ಈಗ ಸಿಡ್ನಿಯಲ್ಲೂ ಇದೇ ಮಾತು."

ಪದ ಕಟ್ಟುತ್ತಿದ್ದವಳು ಪದವಾಗಿದ್ದೆ, ಅದೂ ಬೈಗುಳ.

ಆ ಭಾನುವಾರ ಇಸಿಲೇಲಿಯ ಉಪದೇಶ. ಮುಖ ಬಾಡಿತ್ತು. "ಮನುಷ್ಯರು ನಮ್ಮನ್ನು ಬಿಟ್ಟು ಹೋಗ್ತಾರೆ, ಪ್ರಿಯರೇ. ಕರ್ತನು ಮಾತ್ರ ಎಂದೂ ಹಾರುಮೀನಿಸೋದಿಲ್ಲ!" ಹುಡುಗರು ಕಿಸಕ್ಕೆಂದರು. ಅವನು ನಗಲಿಲ್ಲ.

ವಿಕಾ ನನ್ನ ಕಿವಿಗೆ ಬಾಗಿದಳು. "ಪಾಪ, ಅಕ್ಕ, ಇವ್ರು ಯಾವಳ ಜೊತೆಗೋ ಫೋನಲ್ಲಿ ಜಗಳ ಆಡ್ಕೊಂಡು ಸುಖವಾಗಿದ್ರು. ಅವಳು ಕೈಕೊಟ್ಟಳು. ಈಗ ಜಗಳಕ್ಕೆ ನನ್ನ ಹತ್ರ ಬರ್ತಾರೆ, ನನ್ನ ಕೈಲಿ ಆಗಲ್ಲ. ನೀವು ಹಿರಿಯರು, ದೇವರು ನಿಮ್ಮ ಮಾತು ಕೇಳ್ತಾನೆ. ಆ ಹಾಳಾದವಳು ವಾಪಸ್ ಬರ್ಲಿ ಅಂತ ಪ್ರಾರ್ಥನೆ ಮಾಡಿ."

ಅಷ್ಟರಲ್ಲಿ ಪಾದ್ರಿಗಳೂ ನನ್ನತ್ತ ತಿರುಗಿ ಪ್ರಾರ್ಥನೆಗೆ ಕರೆದರು. ಊರಿನ ಗೌರವಾನ್ವಿತ ವಿಧವೆ ಎದ್ದು ನಿಂತೆ. "ಕರ್ತನೇ, ಹೇಳದೆ ಹೋದವರನ್ನು ಕ್ಷಮಿಸು. ಅವರಿಗೂ ಏನೋ ಕಷ್ಟವಿರಬಹುದು. ಅವರಿಗೂ ಹೊತ್ತು ಹೋಗುತ್ತಿರಲಿಕ್ಕಿಲ್ಲ."

ಚರ್ಚಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ "ಆಮೆನ್" ಎಂದವನು ನನ್ನ ತಮ್ಮ.