ಶೇಕಡಾ ತೊಂಬತ್ತೊಂಬತ್ತರ ಭರವಸೆ

ಭರವಸೆ ಕೊಡುವುದೇ ಹೊಟ್ಟೆಪಾಡಾದ ಮನುಷ್ಯ ಬೇಗ ಸುಸ್ತಾಗುತ್ತಾನೆ. ರಾಜಕಾರಣಿಗಳಿಗಾದರೂ ಚುನಾವಣೆ ಮುಗಿದ ಮೇಲೆ ಬಿಡುವುಂಟು, ನನಗೆ ಅದೂ ಇಲ್ಲ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಹಿಂದೆ ಲೇತ್ ಮಷೀನು ತಿರುಗುತ್ತಿದ್ದ ಶೆಡ್ಡಿನ ಮಹಡಿಯಲ್ಲಿ ನಮ್ಮ ಆಫೀಸು. ಅಂಗಡಿ, ಲ್ಯಾಬು, ನರ್ಸಿಂಗ್ ಹೋಮುಗಳ ಕಂಪ್ಯೂಟರ್ ನೋಡಿಕೊಳ್ಳುವುದು ಕಂಪನಿಯ ಕೆಲಸ. ‘ತಿಂಗಳಲ್ಲಿ ಶೇಕಡಾ ತೊಂಬತ್ತೊಂಬತ್ತು ಹೊತ್ತು ನಿಮ್ಮ ಸರ್ವರ್ ನಡೆಯುತ್ತದೆ’ ಎಂದು ಒಪ್ಪಂದ ಬರೆಯುವುದು ನನ್ನ ಕೆಲಸ. ಇದಕ್ಕೆ ನಮ್ಮವರು ಎಸ್‌ಎಲ್‌ಎ ಅನ್ನುತ್ತಾರೆ. ಹಾಗಂದರೇನೆಂದು ಹೆಂಡತಿ ಒಮ್ಮೆ ಕೇಳಿದಳು. ನಾನು ವಿವರಿಸಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ, “ಅಂದ್ರೆ, ಕೆಡುತ್ತೆ ಅಂತ ಮೊದಲೇ ಮರ್ಯಾದೆಯಾಗಿ ಹೇಳೋದು” ಅಂದಳು. ಕಂಪನಿಯ ಟ್ರೈನಿಂಗಿನಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ.

ಒಂದು ಬೆಳಿಗ್ಗೆ ವಿಜಯನಗರದ ಡಾಕ್ಟರ್ ಸುಶೀಲಮ್ಮನವರ ಫೋನು. ಅವರದು ರಕ್ತ ಪರೀಕ್ಷೆಯ ಲ್ಯಾಬು. “ಸರ್ವರ್ ನಿಂತಿದೆ. ನೀವು ಬರ್ತೀರೋ, ನಾನೇ ಬರಲೋ?” ಅವರು ಬರುವುದಕ್ಕಿಂತ ನಾನು ಹೋಗುವುದೇ ಕ್ಷೇಮವೆಂದು ಸ್ಕೂಟರ್ ಹತ್ತಿದೆ.

ಅಲ್ಲಿ ಗದಗಿನ ಕಡೆಯ ಒಬ್ಬಾತ ನಿಂತಿದ್ದ. ಹೆಸರು ಬಸಪ್ಪ, ಕಟ್ಟಡಗಳಿಗೆ ಬಣ್ಣ ಬಳಿಯುವವನು. ಅವನ ಹೆಂಡತಿಗೆ ಅಂದು ಮಧ್ಯಾಹ್ನವೇ ಬಸವೇಶ್ವರನಗರದ ನರ್ಸಿಂಗ್ ಹೋಮಿನಲ್ಲಿ ಆಪರೇಷನ್ನು. ರಕ್ತದ ರಿಪೋರ್ಟು ಕೈಗೆ ಬಾರದೆ ಡಾಕ್ಟರು ಕತ್ತರಿ ಮುಟ್ಟುವುದಿಲ್ಲ. ರಿಪೋರ್ಟು ನಮ್ಮ ಸರ್ವರಿನ ಹೊಟ್ಟೆಯಲ್ಲಿತ್ತು.

ಅವನೆದುರೇ ನಮ್ಮ ಹೆಲ್ಪ್‌ಡೆಸ್ಕಿಗೆ ಫೋನು ಮಾಡಿದೆ. ಹೊಸದಾಗಿ ಸೇರಿದ ರೇಖಾ ಎತ್ತಿದಳು.

“ಹದಿನೈದು ನಿಮಿಷದೊಳಗೆ ಉತ್ತರ ಕೊಡ್ಬೇಕಿತ್ತು ಸಾರ್, ಕೊಟ್ಟಿದೀವಿ.”

“ಉತ್ತರ ಅಲ್ಲಮ್ಮ, ರಿಪೇರಿ ಯಾವಾಗ?”

“ಅದಕ್ಕೆ ಸಂಜೆವರೆಗೂ ಟೈಮಿದೆ ಸಾರ್. ನೀವೇ ಬರೆದಿರೋದು.”

ಫೋನಿಟ್ಟೆ. ಬಸಪ್ಪ ಹತ್ತಿರ ಬಂದ. “ಏನಂದ್ರು ಸರ?”

“ಉತ್ತರ ಕೊಟ್ಟಿದಾರಂತೆ.”

“ಛಲೋ ಆತು. ಏನಂತ ಕೊಟ್ಟಾರ್ರೀ?”

“ಕಂಪ್ಯೂಟರ್ ಕೆಟ್ಟಿದೆ ಅಂತ ಅವರಿಗೆ ಗೊತ್ತಾಗಿದೆಯಂತೆ.”

“ಅದು ನಮಗೂ ಗೊತ್ತೈತಲ್ರೀ” ಅಂದ. ಕೋಪದಿಂದ ಅಂದಿದ್ದರೆ ನಾನೂ ಎರಡು ಮಾತಾಡಬಹುದಿತ್ತು. ಅವನು ಗೋಡೆಯ ಗಡಿಯಾರದ ಕಡೆ ನೋಡಿದ.

ಸುಶೀಲಮ್ಮ ಕನ್ನಡಕ ಮೇಲಕ್ಕೆ ಸರಿಸಿದರು. “ರಕ್ತ ಇನ್ನೂ ಫ್ರಿಜ್ಜಿನಲ್ಲಿದೆ. ಮತ್ತೆ ಪರೀಕ್ಷೆ ಮಾಡ್ತೀನಿ. ನಾನು ಹೇಳ್ತಾ ಹೋಗ್ತೀನಿ, ನೀವು ಬರೀರಿ. ಅಕ್ಷರವಾದ್ರೂ ಚೆನ್ನಾಗಿದೆಯೋ?” ಲೆಟರ್‌ಹೆಡ್ಡಿನ ಮೇಲೆ, ಮೂರನೇ ಕ್ಲಾಸಿನ ಕಾಪಿ ಬರೆಯುವವನಂತೆ ನಾಲಿಗೆ ಕಚ್ಚಿಕೊಂಡು ಬರೆದೆ. ಅವರು ಒಂದೊಂದು ಅಂಕಿಯನ್ನೂ ಎರಡೆರಡು ಸಲ ನೋಡಿ ಸಹಿ ಹಾಕಿದರು. ಆಟೋದವರು ಯಾರೂ ಬರಲೊಪ್ಪದೆ ಬಸಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಅವನು ನನ್ನ ಭುಜ ಗಟ್ಟಿಯಾಗಿ ಹಿಡಿದಿದ್ದ. ನರ್ಸಿಂಗ್ ಹೋಮಿನ ಬಾಗಿಲಲ್ಲಿ ಇಳಿದವನು ನನ್ನ ಕಡೆ ತಿರುಗಿಯೂ ನೋಡದೆ ಒಳಗೆ ಓಡಿದ. ನನಗೆ ಅದೇ ಸಮಾಧಾನವಾಯಿತು.

ಆಪರೇಷನ್ ಸುಸೂತ್ರವಾಗಿ ಆಯಿತೆಂದು ಸುಶೀಲಮ್ಮನವರಿಂದ ತಿಳಿಯಿತು. ಸರ್ವರ್ ಕೂಡ ಸಂಜೆಯೊಳಗೆ ಎದ್ದಿತು. ತಿಂಗಳ ಕೊನೆಯ ಮೀಟಿಂಗಿನಲ್ಲಿ ಆ ಲ್ಯಾಬಿನ ಹೆಸರಿನ ಮುಂದೆ ಹಸಿರು ಬಣ್ಣವಿತ್ತು: ಭರವಸೆ ಎಲ್ಲೂ ತಪ್ಪಿರಲಿಲ್ಲ. ಮ್ಯಾನೇಜರು ಚಪ್ಪಾಳೆ ತಟ್ಟಿಸಿದರು. ನಾನೂ ತಟ್ಟಿದೆ, ಮೆಲ್ಲಗೆ.

ಒಪ್ಪಂದ ಮುಂದುವರಿಸುವಾಗ ಸುಶೀಲಮ್ಮ ಹೇಳಿದ್ದು ಒಂದೇ ಷರತ್ತು. “ನಿಮ್ಮ ಪರ್ಸೆಂಟು ಏನಾದ್ರೂ ಇರ್ಲಿ. ಸರ್ವರ್ ನಿಂತಾಗ ನೀವು ಬಂದು ಪೇಷೆಂಟ್‌ಗಳ ಜೊತೆ ಕೂತಿರ್ಬೇಕು. ಅದನ್ನ ಬರೀರಿ.” ಕಂಪನಿಗೆ ಖರ್ಚಿಲ್ಲದ ಷರತ್ತು, ಮ್ಯಾನೇಜರು ಸಂತೋಷವಾಗಿ ಒಪ್ಪಿದರು. ಈಗ ಸರ್ವರ್ ಮಲಗಿದಾಗಲೆಲ್ಲ ನಾನು ಹೋಗಿ ಕೂರುತ್ತೇನೆ. ಪಕ್ಕದವರು ಕನಿಕರದಿಂದ, “ನಿಮಗೇನಾಗಿದೆ ಸಾರ್?” ಎಂದು ಕೇಳುತ್ತಾರೆ. ನಿಜ ಹೇಳಿದರೆ ಎಲ್ಲರೂ ನನ್ನ ಮೇಲೇ ಬೀಳುತ್ತಾರೆಂದು ಹೆದರಿ, “ಸ್ವಲ್ಪ ಬಿ.ಪಿ.” ಅನ್ನುತ್ತೇನೆ. ಮೊದಮೊದಲು ಅದು ಸುಳ್ಳಾಗಿತ್ತು.