ಭಾನುವಾರದ ನಾಲ್ಕನೇ ಲೊಚ್ಚಿನ ಬಗ್ಗೆ ನಮ್ಮ ಮನೆ ಹಲ್ಲಿಗೆ

ನಮ್ಮ ನಡುಮನೆಯ ಟ್ಯೂಬ್‌ಲೈಟ್ ಪಟ್ಟಿಯ ಹಿಂದೆ ಕಾಯಂ ವಾಸವಿರುವ, ಶ್ರೀಯವರೋ ಶ್ರೀಮತಿಯವರೋ ಈತನಕ ಗೊತ್ತಾಗದ ಹಲ್ಲಿಯವರ ಸನ್ನಿಧಿಗೆ,
ಮದ್ದೂರು.

ಮಾನ್ಯರೇ,

ಅದೇ ಮನೆಯ ನೆಲದ ಮೇಲೆ ತಮ್ಮ ಕೃಪೆಯಿಂದ ಬದುಕಿಕೊಂಡಿರುವ, ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಶಿಫ್ಟು ಕೆಲಸ ಮಾಡುವ ಪುಟ್ಟರಾಜು ಎಂಬ ನಾನು ತಲೆ ಎತ್ತಿ ಕೈಮುಗಿದು (ತಲೆ ಬಾಗಿದರೆ ತಾವು ಕಾಣುವುದಿಲ್ಲ) ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ಕ್ಷೇಮವಾಗಿದ್ದೀರೆಂಬುದು ದಿನಾ ಬೆಳಿಗ್ಗೆ ಟಿ.ವಿ. ಮೇಲೆ ಬಿದ್ದಿರುವ ಹಿಕ್ಕೆಯಿಂದ ತಿಳಿದು ಸಂತೋಷವಾಗಿದೆ. ನಾವು ಮಾತ್ರ ಕ್ಷೇಮವಾಗಿಲ್ಲ, ಅದಕ್ಕೆ ತಾವೇ ಕಾರಣ.

ತಮ್ಮ ಸೇವೆಯನ್ನು ನಾನು ಮರೆತವನಲ್ಲ. ನಾಲೆ ನೀರು ಬಿಟ್ಟ ದಿನಗಳಲ್ಲಿ ಗದ್ದೆ ಕಡೆಯಿಂದ ನುಗ್ಗುವ ಹುಳಹುಪ್ಪಟೆಗಳನ್ನು ತಾವು ಒಬ್ಬರೇ ನಿಂತು ಸಂಭಾಳಿಸಿದ್ದೀರಿ. ಅದಕ್ಕಿಂತ ಹೆಚ್ಚಾಗಿ, ಯಾರಾದರೂ ಮಾತಾಡಿದ ಬೆನ್ನಿಗೇ ತಾವು ಲೊಚಗುಟ್ಟಿದರೆ ಆ ಮಾತು ಸತ್ಯವೆಂದು ನಂಬಿ, ನೆಲವನ್ನು ಬೆರಳ ಗೆಣ್ಣಿನಿಂದ ಕುಟ್ಟಿ ‘ಕೃಷ್ಣ ಕೃಷ್ಣ’ ಎನ್ನುವ ನನ್ನ ತಾಯಿ ಚಿಕ್ಕಬೋರಮ್ಮನವರು, ಯುಕೆಜಿ ಓದುವ ನನ್ನ ಮಗ ಸ್ವರೂಪನಿಗೂ ಆ ವಿದ್ಯೆಯನ್ನು ಧಾರೆ ಎರೆದಿದ್ದಾರೆ. ಹೀಗಾಗಿ ನಮ್ಮ ಮನೆಯಲ್ಲಿ ಅಪ್ಪನ ಮಾತನ್ನು ಕೇಳುತ್ತಾರೆ, ತಮ್ಮ ಮಾತನ್ನು ನಂಬುತ್ತಾರೆ. ಇದರ ಬಗ್ಗೆ ನನಗೆ ಹೊಟ್ಟೆಕಿಚ್ಚಿರಲಿಲ್ಲ, ಮೊನ್ನೆ ಭಾನುವಾರದ ತನಕ.

ವಿಷಯಕ್ಕೆ ಬರುತ್ತೇನೆ. ನನ್ನ ಹೆಂಡತಿ ವೀಣ ಈಗ ನಾಲ್ಕು ತಿಂಗಳ ಬಸುರಿ. ‘ಮೂರು ತಿಂಗ್ಳು ತುಂಬೋಗಂಟ ಯಾರ್ ತಾವೂ ಉಸುರ್ಬ್ಯಾಡ ಕಣ್ಲಾ, ಕಣ್ ಬಿದ್ದಾತು’ ಎಂದು ನನ್ನ ಬಾಯಿ ಹೊಲಿದ ತಾಯಿಯವರು, ಬೀದಿ ನಲ್ಲಿಯ ಹತ್ತಿರ ಖುದ್ದಾಗಿ ಎಲ್ಲರ ಹತ್ತಿರವೂ ಉಸುರಿ ಬಂದರು. ಅದರ ಅಗತ್ಯವೂ ಇರಲಿಲ್ಲವೆನ್ನಿ. ಸ್ವರೂಪ ಆಟದ ನಡುವೆ ಬಗ್ಗಿ ಕಾಲ ಸಂದಿಯಿಂದ ಹಿಂದಕ್ಕೆ ನೋಡಿದ ದಿನವೇ, ಹಿಂದೆ ಇನ್ನೊಂದು ಬರುತ್ತದೆಂದು ಬೀದಿಯ ಹೆಂಗಸರು ತೀರ್ಮಾನ ಮಾಡಿ ಮುಗಿಸಿದ್ದರು. ಒಟ್ಟಿನಲ್ಲಿ ಹಾಲಿನ ಡೈರಿಯವರಿಗೆ ಗೊತ್ತು, ಆಟೋ ಶಿವರಾಜುಗೆ ಗೊತ್ತು, ಗೊತ್ತಿಲ್ಲದೆ ಉಳಿದವನು ಅಣ್ಣನಾಗಬೇಕಾದ ಹುಡುಗನೊಬ್ಬನೇ.

ಅವನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ‘ವಾಂತಿ ಮಾಡೋದು ನಾನು, ಹೊರೋದು ನಾನು, ಬಾಯ್ಬಿಟ್ಟು ಹೇಳೋದಾದ್ರೂ ನೀವು ಮಾಡಿ’ ಎಂದಳು ವೀಣ, ನ್ಯಾಯವಾಗಿಯೇ. ನಾನು ಇವತ್ತು ನಾಳೆ ಎಂದು ಆರು ವಾರ ತಳ್ಳಿದೆ. ಅವಳ ವಾಂತಿಯನ್ನು ಬಸ್‌ಸ್ಟ್ಯಾಂಡಿನ ವಡೆಯ ತಲೆಗೆ ಕಟ್ಟಿದೆ, ಹುಡುಗ ವಡೆ ತಿನ್ನುವುದನ್ನೇ ಬಿಟ್ಟ. ಅಮ್ಮ ಯಾಕೆ ನನ್ನ ಎತ್ಕೊಳಲ್ಲ ಎಂದು ಕೇಳಿದಾಗ ನೀನು ದೊಡ್ಡವನಾಗಿದ್ದೀಯ ಎಂದೆ, ಹುಡುಗ ಒಂದು ದಿನ ಊಟವನ್ನೇ ಕಮ್ಮಿ ಮಾಡಿದ. ಕಾರ್ಖಾನೆಯಲ್ಲಿ ಕೆಟ್ಟ ಮಿಷನ್ನಿನೊಳಗೆ ತಲೆ ತೂರಿಸುವ ನನಗೆ ಐದು ವರ್ಷದ ಮಗನ ಮುಖ ನೋಡಿಕೊಂಡು ನಾಲ್ಕು ಮಾತಾಡಲು ಧೈರ್ಯ ಬರಲಿಲ್ಲ, ನಾಚಿಕೆಗೇಡು.

ಭಾನುವಾರ ಪಕ್ಕದ ಮನೆ ಹೊನ್ನಯ್ಯನವರ ಜಗಲಿಯಿಂದ ಸ್ವರೂಪ ನೆಟ್ಟಗೆ ಬಂದು ‘ಅಪ್ಪ, ನಮ್ಮನೆಗೆ ಪಾಪ ಬತ್ತದಾ?’ ಎಂದ. ನಾನು ಪೇಪರಿನಿಂದ ಕಣ್ಣೆತ್ತದೆ, ಹೊನ್ನಯ್ಯ ತಾತ ತಮಾಷೆ ಮಾಡ್ತಾರೆ ಕಣಪ್ಪ, ಯಾವ ಪಾಪನೂ ಇಲ್ಲ ಎಂದುಬಿಟ್ಟೆ. ತಾವು ಮೌನ. ಅವರೆಕಾಯಿ ಸುಲಿಯುತ್ತಿದ್ದ ತಾಯಿಯವರು ತಡೆಯಲಾರದೆ ‘ಬತ್ತದೆ ಕಣ್ ಮಗ, ತಮ್ಮನೋ ತಂಗಿನೋ’ ಎಂದರು. ತಾವು ಲೊಚ್, ಲೊಚ್, ಲೊಚ್. ಮೂರು ಬಾರಿ, ಸ್ಪಷ್ಟವಾಗಿ. ನನ್ನ ಸುಳ್ಳನ್ನು ಬಯಲು ಮಾಡಿದ್ದಕ್ಕೆ ನನಗೆ ಬೇಸರವಿಲ್ಲ, ಮಾಡಿದ್ದುಣ್ಣೋ ಮಹರಾಯ. ಆದರೆ ಹುಡುಗ ಅಲ್ಲಿಗೇ ನಿಲ್ಲಿಸಲಿಲ್ಲ, ತಮ್ಮ ಕಡೆಗೇ ತಿರುಗಿ ‘ಪಾಪ ಬಂದ್ಮೇಲೆ ನನ್ನ ಮಳವಳ್ಳಿ ಅಜ್ಜಿ ಮನೇಲಿ ಬುಟ್ಬುಡ್ತಾರಂತೆ, ಹೊನ್ನಯ್ಯ ತಾತ ಹೇಳ್ತು’ ಎಂದ.

ಆಗ ತಾವು ನಾಲ್ಕನೇ ಸಲ ಲೊಚ್ ಎಂದಿರಿ.

ಅಯ್ಯೋ ಪುಣ್ಯಾತ್ಮರೇ! ಅದು ಸತ್ಯಕ್ಕೋ, ಸೊಳ್ಳೆಗೋ, ಮೊದಲಿನ ಮೂರರ ಬಾಕಿಯೋ, ಯಾವುದಕ್ಕೆ ಎಂದು ಒಂದು ಮಾತು ವಿವರಣೆ ಕೊಡುವ ಸೌಜನ್ಯವೂ ತಮಗಿರಲಿಲ್ಲವೇ? ಮಕ್ಕಳನ್ನು ಗೋಳುಹೊಯ್ದುಕೊಳ್ಳುವುದೇ ಹೊನ್ನಯ್ಯನವರ ಹವ್ಯಾಸ. ಅವರ ಬಾಯಿಚಪಲವನ್ನು ತಾವು ಒಂದೇ ಲೊಚ್ಚಿನಲ್ಲಿ ಸರ್ಕಾರಿ ಆದೇಶ ಮಾಡಿಬಿಟ್ಟಿರಿ. ಹುಡುಗ ಅಳಲಿಲ್ಲ. ಒಳಗೆ ಹೋಗಿ ಸ್ಕೂಲ್ ಬ್ಯಾಗಿನಿಂದ ಪುಸ್ತಕ ತೆಗೆದಿಟ್ಟು, ಎರಡು ಅಂಗಿ, ಒಂದು ಚಡ್ಡಿ, ಕೈ ಮುರಿದ ಜೆಸಿಬಿ ತುಂಬಿಕೊಂಡು ಬಂದು ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಂಡು ಕೂತ. ಎಷ್ಟೊತ್ತಿಗೆ ಬಸ್ಸು ಎಂದು ಕೇಳಿದ.

ಆಮೇಲಿನ ಮೂರು ದಿನ ನಾನು ತಮ್ಮ ಮುಂದೆ ಮಾಡಿದ ಸರ್ಕಸ್ಸನ್ನು ತಾವೇ ಮೇಲಿನಿಂದ ನೋಡಿದ್ದೀರಿ. ನಿನ್ನನ್ನು ಎಲ್ಲಿಗೂ ಕಳಿಸಲ್ಲ ಎಂದು ನಾನು ಹೇಳುವುದು, ಹುಡುಗ ಕತ್ತೆತ್ತಿ ತಮ್ಮನ್ನು ನೋಡುವುದು, ತಾವು ಬಾಯಿಗೆ ಬೀಗ ಜಡಿದುಕೊಂಡು ಕೂರುವುದು, ‘ಲೊಚಗುಟ್ನಿಲ್ಲ ಕಣಪ್ಪ’ ಎಂದು ಅವನು ಬ್ಯಾಗಿನ ಜಿಪ್ಪು ಸರಿಮಾಡಿಕೊಳ್ಳುವುದು. ತಾಯಿಯವರು ಮುತ್ತತ್ತಿರಾಯನ ಆಣೆ ಇಟ್ಟರು, ಆಂಜನೇಯನ ಮಾತಿಗೂ ತಮ್ಮ ಒಪ್ಪಿಗೆ ಸಿಗಲಿಲ್ಲ. ತಮಗೆ ಹುಳ ಸಿಕ್ಕಿ ಖುಷಿಯಾಗಲೆಂದು ಸಂಜೆ ಕಿಟಕಿ ತೆಗೆದಿಟ್ಟೆ, ಹುಳ ತಾವು ತಿಂದಿರಿ, ಸೊಳ್ಳೆ ನಮ್ಮನ್ನು ತಿಂದವು. ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದ ವೀಣ, ಹುಡುಗ ‘ಮಳವಳ್ಳಿ ಸ್ಕೂಲಲ್ಲಿ ಮಿಸ್ಸು ಹೊಡೀತಾರಾ?’ ಎಂದು ಕೇಳಿದ ಮೇಲೆ ಅಳುವುದಕ್ಕೆ ಶುರುಮಾಡಿದಳು.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಭಾನುವಾರದ ನಾಲ್ಕನೇ ಲೊಚ್ಚನ್ನು ಕೂಡಲೇ ಹಿಂಪಡೆದು, ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ತಪ್ಪೊಪ್ಪಿಗೆ ಪ್ರಕಟಿಸಬೇಕು. ಇನ್ನು ಮುಂದೆ ಸತ್ಯಕ್ಕೆ ಒಂದು ಬಗೆ, ಸೊಳ್ಳೆಗೆ ಇನ್ನೊಂದು ಬಗೆ ಲೊಚಗುಟ್ಟಬೇಕು. ಹೊನ್ನಯ್ಯನವರ ಹೆಸರು ಕಿವಿಗೆ ಬಿದ್ದ ಕೂಡಲೇ, ಬಾಯಲ್ಲಿ ಜಿರಲೆಯೇ ಇದ್ದರೂ, ಅಲುಗಾಡದೆ ಕೂರಬೇಕು. ಬಾಲ ಉದುರಿದರೆ ಬೆಳೆಸಿಕೊಳ್ಳುವ ತಮಗೆ ಆಡಿದ ಮಾತನ್ನು ನುಂಗಿಕೊಳ್ಳುವುದೇನು ಮಹಾ ಕಷ್ಟ?

ಹೀಗೆಂದು ಬರೆಯಲು ಬುಧವಾರ ಫಸ್ಟ್ ಶಿಫ್ಟ್ ಮುಗಿಸಿ ಬಂದು ಕೂತವನು, ಬಾಗಿಲಲ್ಲಿ ಬ್ಯಾಗು ತಬ್ಬಿಕೊಂಡಿದ್ದ ಹುಡುಗನನ್ನು ನೋಡಿ ಪೆನ್ನು ಕೆಳಗಿಟ್ಟೆ. ಅವನ ಪಕ್ಕದಲ್ಲಿ ನೆಲದ ಮೇಲೆ ಕೂತು, ಅಮ್ಮನ ಹೊಟ್ಟೆಯಲ್ಲಿ ಪಾಪ ಇರುವುದು ನಿಜ, ಭಾನುವಾರ ನಾನು ಹೇಳಿದ್ದು ಸುಳ್ಳು, ವಡೆಯದ್ದೂ ಸುಳ್ಳು ಎಂದೆ. ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದ. ನಿನಗೆ ಬೇಜಾರಾಗಿ ನನ್ನನ್ನು ಕಂಡರೆ ಆಗದೆ ಹೋದರೆ ಅಂತ ಹೆದರಿಕೊಂಡಿದ್ದೆ ಕಣಪ್ಪ ಎಂದೆ. ಅಪ್ಪ ಹೆದರುತ್ತಾನೆ ಎಂಬುದು ಅವನಿಗೆ ಹೊಸ ಸುದ್ದಿ, ತುಂಬ ಹೊತ್ತು ನನ್ನ ಮುಖವನ್ನೇ ನೋಡಿದ. ನೀನು ಇಲ್ಲೇ ಇರುತ್ತೀಯ, ನೀನಿಲ್ಲದಿದ್ದರೆ ಈ ಮನೆ ನನಗೂ ಬೇಡ ಎಂದೆ.

ಹುಡುಗ ರೂಢಿಯಂತೆ ಕತ್ತೆತ್ತಿದ. ನಾನೂ ಎತ್ತಿದೆ. ತಾವು ಆಗಲೂ ಕಲ್ಲಿನಂತೆ ಕೂತಿದ್ದಿರಿ. ಸ್ವರೂಪ ಸ್ವಲ್ಪ ಹೊತ್ತು ಕಾದು, ನನ್ನ ಮುಖವನ್ನು ಇನ್ನೊಂದು ಸಲ ನೋಡಿ, ತಾನೇ ನಾಲಿಗೆಯಲ್ಲಿ ಲೊಚ್ ಲೊಚ್ ಎಂದು, ಪುಟ್ಟ ಬೆರಳಿನ ಗೆಣ್ಣಿನಿಂದ ನೆಲ ಕುಟ್ಟಿ, ಬ್ಯಾಗಿನಿಂದ ಅಂಗಿಗಳನ್ನು ತೆಗೆದು ನನ್ನ ಕೈಗೆ ಕೊಟ್ಟ.

ಇಂತಿ,
ತಮ್ಮ ಸೂರಿನಡಿಯ, ತಮ್ಮ ವಿಶ್ವಾಸಿ
ಪುಟ್ಟರಾಜು

ವಿ.ಸೂ.: ತಮ್ಮ ಹುದ್ದೆಯನ್ನು ನನ್ನ ಮಗ ವಹಿಸಿಕೊಂಡಿರುವುದರಿಂದ ತಾವು ಇನ್ನು ಹುಳ ಹಿಡಿಯುವುದಕ್ಕಷ್ಟೇ ಗಮನ ಕೊಡಬಹುದು. ಅವನು ತಮಗಿಂತ ಕಟ್ಟುನಿಟ್ಟು. ನಿನ್ನೆ ಸಂಜೆ ಶಿಫ್ಟು ತಡವಾಯಿತೆಂದು ನಾನು ವೀಣಳಿಗೆ ಹೇಳಿದಾಗ, ತಾಯಿಯವರೂ ಸೇರಿ ನಾವು ಮೂವರೂ ಅವನ ಬಾಯನ್ನೇ ನೋಡುತ್ತಿದ್ದರೂ ಲೊಚ್ ಎನ್ನಲಿಲ್ಲ.